ಎಫ್‌ಸಿಗೆ ಮುಂಚೆ ಜೀಪು ತೊಳೆಯಬೇಡಿ

ಎಫ್‌ಸಿ (ಗಾಡಿ ಓಡಿಸಲು ಯೋಗ್ಯವೆಂಬ ಫಿಟ್‌ನೆಸ್ ಸರ್ಟಿಫಿಕೇಟ್) ತಾರೀಕು ಹತ್ತಿರ ಬಂತೆಂದರೆ ಹಳೇ ಜೀಪಿನವರು ಮೊದಲು ಓಡುವುದು ವಾಟರ್ ಸರ್ವಿಸ್‌ಗೆ, ಆಮೇಲೆ ಪೇಂಟರ್ ಹತ್ತಿರ. ಮೆಕ್ಯಾನಿಕ್‌ನ ಸರದಿ ಕೊನೆಗೆ, ಅದೂ ದುಡ್ಡು ಮಿಕ್ಕಿದ್ದರೆ. ಈ ಕ್ರಮವನ್ನು ಪೂರ್ತಿ ತಲೆಕೆಳಗು ಮಾಡಬೇಕು. ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಕೆಂಪು ಧೂಳು ಗಾಡಿಯ ಅಡಿಯಲ್ಲಿ ಕೂತಿರುವಷ್ಟು ದಿನ ಜೀಪಿನ ರೋಗವೆಲ್ಲ ಕಣ್ಣಿಗೆ ಕಾಣುತ್ತಿರುತ್ತದೆ. ಒಣಗಿದ ಕಡೆ ಧೂಳು ಪುಡಿಪುಡಿಯಾಗಿ ಉದುರುತ್ತದೆ. ಎಣ್ಣೆ ಒಸರುವ ಕಡೆ ಕಪ್ಪು ಅಂಟಾಗಿ ಉಗುರಿಗೆ ಮೆತ್ತುತ್ತದೆ. ಕ್ರಷರ್ ರಸ್ತೆಯಲ್ಲಿ ಓಡುವ ಗಾಡಿಯಾದರೆ ಬಿಳಿ ಕಲ್ಲುಪುಡಿಯ ಮೇಲೆ ಈ ಕಲೆ ಇನ್ನೂ ಎದ್ದು ಕಾಣುತ್ತದೆ. ಪ್ರೆಷರ್ ನೀರು ಬಿಟ್ಟರೆ ಅಷ್ಟೂ ಹೋಯಿತು. ಲೀಕು ನಿಂತಿರುವುದಿಲ್ಲ, ಕುರುಹು ಮಾತ್ರ ಅಳಿಸಿರುತ್ತದೆ. ಮತ್ತೆ ಅದು ಕಾಣಿಸಿಕೊಳ್ಳುವುದು ವಾರ ಹತ್ತು ದಿನ ಬಿಟ್ಟು, ಬಹುಪಾಲು ಇನ್ಸ್‌ಪೆಕ್ಟರ್ ಎದುರಿಗೇ. ಸಾಲದ್ದಕ್ಕೆ ಆ ರಭಸದ ನೀರು ಸವೆದ ಸೀಲುಗಳ ಸಂದಿಯಿಂದ ಮುಂದಿನ ಚಕ್ರದ ಹಬ್‌ಗೂ ನಕಲ್ಲಿಗೂ (ಚಕ್ರ ಎಡಬಲಕ್ಕೆ ತಿರುಗುವ ಗೆಣ್ಣು) ನುಗ್ಗಿ ಗ್ರೀಸನ್ನು ಹಾಲಿನಂತೆ ಮಾಡಿಹಾಕುತ್ತದೆ.

ಯಾರಿಗೆ ಎಷ್ಟು ವರ್ಷಕ್ಕೊಮ್ಮೆ ಎಂಬ ಗೊಂದಲ ಇನ್ನೂ ಇದೆ. ಹಳದಿ ಬೋರ್ಡಿನ ಗಾಡಿಗೆ 8 ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. ಬಿಳಿ ಬೋರ್ಡಿಗೆ ಮೊದಲ 15 ವರ್ಷ ಏನೂ ಇಲ್ಲ. ಅಲ್ಲಿಂದ ಮುಂದೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ, ಅದಕ್ಕೂ ಗಾಡಿ ತೋರಿಸಲೇಬೇಕು. ಜನ ಇದನ್ನೂ ಎಫ್‌ಸಿ ಎಂದೇ ಕರೆಯುತ್ತಾರೆ. ಇದರ ಅರ್ಜಿ ಫಾರಂ 25. ಅವಧಿ ಮುಗಿಯುವ 60 ದಿನ ಮೊದಲಿನಿಂದ ಸಲ್ಲಿಸಬಹುದು. ಡೀಸೆಲ್ ಗಾಡಿಗೆ ಹತ್ತೇ ವರ್ಷ ಆಯಸ್ಸು ಅನ್ನುವ ಮಾತು ದಿಲ್ಲಿ ಸುತ್ತಮುತ್ತಲಿನದು. ಅದಕ್ಕೆ ಹೆದರಿ ಚಿಂತಾಮಣಿಯಲ್ಲೋ ಶಿರಾದಲ್ಲೋ ಗಟ್ಟಿಮುಟ್ಟಾದ ಮಹೀಂದ್ರ ಎಂಎಂ 540 ಜೀಪನ್ನು ಗುಜರಿಗೆ ಹಾಕಬೇಕಿಲ್ಲ. ಐದು ವರ್ಷಕ್ಕೊಮ್ಮೆ ತೋರಿಸುವವರೂ ಕೆಳಗಿನ ಕೆಲಸವನ್ನು ವರ್ಷಕ್ಕೊಮ್ಮೆ ಮಾಡಿಕೊಳ್ಳುವುದೇ ಲೇಸು. ಐದು ವರ್ಷದ ಸವೆತ ಒಟ್ಟಿಗೆ ಬಂದಾಗ ಗ್ಯಾರೇಜಿನ ಬಿಲ್ಲು ಕೈಕಚ್ಚುತ್ತದೆ.

ಮೊದಲ ಕೆಲಸಕ್ಕೆ ಖರ್ಚೇ ಇಲ್ಲ. ಸಂಜೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಎಣ್ಣೆಯೆಲ್ಲ ಬಿಸಿಯಾದ ಮೇಲೆ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಅಡಿಗೆ ಹಳೇ ರಟ್ಟಿನ ಡಬ್ಬಗಳನ್ನು ಬಿಡಿಸಿ ಹಾಸಿ. ನಾಲ್ಕು ಚಕ್ರ ಎಲ್ಲಿ ಬರುತ್ತವೆ ಎಂದು ರಟ್ಟಿನ ಮೇಲೆ ಗುರುತು ಹಾಕಿಕೊಳ್ಳಿ. ಬೆಳಿಗ್ಗೆ ತೆಗೆದು ನೋಡಿದರೆ ಯಾವ ಹನಿ ಎಲ್ಲಿಂದ ಬಿತ್ತು ಎಂದು ಗೊತ್ತಾಗುತ್ತದೆ. ಎಂಜಿನ್ ಆಯಿಲ್ ಕಪ್ಪಗೆ ತೆಳ್ಳಗೆ ಹರಡಿರುತ್ತದೆ. ಗೇರ್ ಆಯಿಲ್ ಗಟ್ಟಿ, ಗಂಧಕದ ವಾಸನೆ ಹೊಡೆಯುತ್ತದೆ. ಬ್ರೇಕ್ ಆಯಿಲ್ ಬಣ್ಣವಿಲ್ಲದೆ ಬೆರಳಿಗೆ ಜಾರುತ್ತದೆ, ಪೇಂಟಿಗೆ ತಾಗಿದರೆ ಪೇಂಟೇ ಏಳುತ್ತದೆ. ಚಕ್ರದ ಒಳಮೈಯಲ್ಲಿ ಒದ್ದೆ ಕಂಡರೆ ಅದು ಬ್ರೇಕ್ ಆಯಿಲೋ ಆಕ್ಸಲ್‌ನಿಂದ ಬಂದ ಗೇರ್ ಆಯಿಲೋ ಎಂದು ಮೊದಲು ತೀರ್ಮಾನವಾಗಬೇಕು. ಎರಡಕ್ಕೂ ರಿಪೇರಿ ಬೇರೆ.

ಸೀಲು ಬದಲಿಸಲು ಹೊರಡುವ ಮುಂಚೆ ಬ್ರೀದರ್ ನೋಡಿ. ಹಿಂದಿನ ಮುಂದಿನ ಆಕ್ಸಲ್ ಹೌಸಿಂಗಿನ ಮೇಲೆ ಸಣ್ಣ ಟೋಪಿಯಂಥದ್ದು ಇರುತ್ತದೆ. ಗೇರ್‌ಬಾಕ್ಸ್ ಕಡೆಗೂ ಒಂದು ಗಾಳಿಯ ದಾರಿ ಇದೆ. ಇದರಲ್ಲಿ ಮಣ್ಣು ಕೂತು ಗಟ್ಟಿಯಾದರೆ, ಓಡುವಾಗ ಬಿಸಿಯಾದ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ. ಒತ್ತಡ ಎಣ್ಣೆಯನ್ನು ಸೀಲಿನ ತುಟಿ ದಾಟಿಸಿ ತಳ್ಳುತ್ತದೆ. ಒಂದೇ ವರ್ಷದಲ್ಲಿ ಎರಡು ಸಲ ಪಿನಿಯನ್ ಸೀಲು (ಪ್ರೊಪೆಲ್ಲರ್ ಶಾಫ್ಟ್ ಆಕ್ಸಲ್‌ಗೆ ಸೇರುವ ಕಡೆಯ ಸೀಲು) ಹಾಕಿಸಿಯೂ ಲೀಕು ನಿಲ್ಲದ ಗಾಡಿಗಳಲ್ಲಿ ಬಹಳಷ್ಟಕ್ಕೆ ಇದೇ ಕಾರಣ. ಬಿಚ್ಚಿ ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ನೆನೆಸಿ, ಊದಿ ನೋಡಿ ಹಾಕಿದರೆ ಮುಗಿಯಿತು.

ಪಿನಿಯನ್ ಸೀಲು ಹಾಳಾಗಲು ನಮ್ಮ ಕಡೆ ಇನ್ನೊಂದು ಕಾರಣವಿದೆ. ಸುಗ್ಗಿಯಲ್ಲಿ ರಾಗಿ ತೆನೆ, ಹುರುಳಿ ಗಿಡವನ್ನು ಡಾಂಬರು ರಸ್ತೆಗೇ ಹಾಸಿ ಒಕ್ಕಣೆ ಮಾಡುತ್ತಾರಲ್ಲ, ಅದರ ಮೇಲೆ ಓಡಿದ ಗಾಡಿಯ ಪ್ರೊಪೆಲ್ಲರ್ ಶಾಫ್ಟಿಗೆ ಹುರುಳಿ ಬಳ್ಳಿ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಸುತ್ತಿದ್ದು ಫ್ಲಾಂಜ್ ಕಡೆಗೆ ಸರಿಯುತ್ತ ಹೋಗಿ ಸೀಲಿನ ತುಟಿಯ ಅಡಿಗೆ ನುಗ್ಗಿ ಕೊಯ್ಯುತ್ತದೆ. ಜನವರಿ ಫೆಬ್ರವರಿಯಲ್ಲಿ ಎಫ್‌ಸಿ ಇರುವವರು ಚಾಕು ಹಿಡಿದು ಅಡಿಗೆ ತೂರಿ ಎರಡೂ ಶಾಫ್ಟುಗಳ ತುದಿ ನೋಡಲೇಬೇಕು. ಸೈಲೆನ್ಸರಿಗೆ ಸಿಕ್ಕಿದ ಹುಲ್ಲನ್ನೂ ಕಿತ್ತು ತೆಗೆಯಿರಿ. ಬಿಸಿ ಪೈಪಿಗೆ ಒಣಹುಲ್ಲು ತಾಗಿ ಗಾಡಿಗೆ ಬೆಂಕಿ ಹತ್ತುವುದು ಬರೀ ಹೆದರಿಕೆಯ ಮಾತಲ್ಲ.

ಮಹೀಂದ್ರದ ಹಳೇ ಸಿಜೆ ಮಾದರಿಯ ಜೀಪುಗಳ ಹ್ಯಾಂಡ್‌ಬ್ರೇಕ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಎಫ್‌ಸಿಯಲ್ಲಿ ಮಾನ ಕಳೆಯುವುದು ಬಹುಮಟ್ಟಿಗೆ ಇದೇ. ಕಾರಿನಲ್ಲಿರುವಂತೆ ಇದು ಹಿಂದಿನ ಚಕ್ರಗಳಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ) ಹಿಂಬದಿಯಲ್ಲಿ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವ ಜಾಗದಲ್ಲಿ ಒಂದು ಡ್ರಮ್ಮು, ಅದರೊಳಗೆ ಎರಡು ಶೂ. ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ ಸೀಲು ಸರಿಯಾಗಿ ಈ ಡ್ರಮ್ಮಿನ ಹಿಂದೆಯೇ ಕೂತಿದೆ. ಸೀಲು ಸೋತ ದಿನದಿಂದ ಗೇರ್ ಆಯಿಲ್ ನೇರ ಶೂಗಳ ಮೇಲೆ. ಮಾಲೀಕರು ಲಿವರ್ ಸಡಿಲವಾಯಿತೆಂದು ಕೇಬಲ್ ಬಿಗಿ ಮಾಡಿಸುತ್ತಾರೆ, ಎರಡು ದಿನ ಹಿಡಿಯುತ್ತದೆ, ಮತ್ತೆ ಜಾರುತ್ತದೆ.

ಕ್ರಮ ಹೀಗೆ. ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ನಟ್ಟು ತೆಗೆದು ಪುಲ್ಲರ್ ಹಾಕಿ ಡ್ರಮ್ಮು ಹೊರಗೆ ತೆಗೆಯಿರಿ. ಶೂ ಎಣ್ಣೆ ಕುಡಿದಿದ್ದರೆ ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗಿಡುವ ಉಪಾಯ ಬೇಡ. ಮೇಲ್ಮೈ ಒಣಗಿದಂತೆ ಕಾಣುತ್ತದೆ, ಬ್ರೇಕ್ ಬಿಸಿಯಾದೊಡನೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಹೊಸ ಲೈನರ್ ಹೊಡೆಸುವುದೇ ದಾರಿ. ಸೀಲು ಹೊಸದು ಹಾಕುವಾಗ ಅದರ ತುಟಿ ಕೂರುವ ಯೋಕ್‌ನ ಮೈ ಮೇಲೆ ಉಗುರು ಆಡಿಸಿ. ಗೆರೆ ಬಿದ್ದು ಉಗುರು ಸಿಕ್ಕಿಕೊಂಡರೆ ಹೊಸ ಸೀಲೂ ಒಂದು ತಿಂಗಳು ಬಾಳುವುದಿಲ್ಲ. ಲೇತಿನವರ ಹತ್ತಿರ ಸ್ಲೀವ್ ಹಾಕಿಸಿ, ಇಲ್ಲವೇ ಯೋಕ್ ಬದಲಿಸಿ. ಇನ್ನೊಂದು ಗುಟ್ಟಿನ ದಾರಿ ಸ್ಪ್ಲೈನ್. ಸೀಲು ಹೊಸದಾಗಿದ್ದರೂ ಶಾಫ್ಟಿನ ಹಲ್ಲುಗಳ ಸಂದಿಯಿಂದ ಎಣ್ಣೆ ನಟ್ಟಿನವರೆಗೆ ಹರಿದು ಬರುತ್ತದೆ. ಜೋಡಿಸುವಾಗ ಹಲ್ಲುಗಳಿಗೂ ವಾಷರ್ ಅಡಿಗೂ ತೆಳ್ಳಗೆ ಸೀಲಂಟ್ ಸವರಬೇಕು. ಬಹಳ ಕಡೆ ಇದನ್ನು ಮರೆತೇಬಿಡುತ್ತಾರೆ.

ಅಡ್ಜಸ್ಟ್ ಮಾಡುವುದು ಡ್ರಮ್ಮಿನ ತೂತಿನ ಮೂಲಕ. ಒಳಗೆ ಎರಡು ಹಲ್ಲುಚಕ್ರಗಳಿವೆ. ಡ್ರಮ್ಮು ತಿರುಗಿಸಿ ತೂತನ್ನು ಹಲ್ಲುಚಕ್ರದ ಎದುರಿಗೆ ತಂದು, ಸ್ಕ್ರೂಡ್ರೈವರ್ ತುದಿಯಿಂದ ಒಂದೊಂದೇ ಹಲ್ಲು ಮೀಟುತ್ತ ಶೂ ಡ್ರಮ್ಮಿಗೆ ಹತ್ತುವವರೆಗೆ ಬಿಗಿ ಮಾಡಿ, ಆಮೇಲೆ 7 ಹಲ್ಲು ಹಿಂದಕ್ಕೆ ಬಿಡಿ. ಎರಡಕ್ಕೂ ಹಾಗೇ. ಕೇಬಲ್ ಬಿಗಿ ಮಾಡುವುದು ಇದಾದ ಮೇಲೆ. ಊರಾಚೆ ಕೆರೆ ಏರಿಗೆ ಹತ್ತುವ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ, ಕಾಲನ್ನು ಬ್ರೇಕಿನ ಮೇಲೆಯೇ ಸಿದ್ಧವಾಗಿಟ್ಟುಕೊಂಡು ಹ್ಯಾಂಡ್‌ಬ್ರೇಕ್ ಒಂದರಲ್ಲೇ ಗಾಡಿ ನಿಲ್ಲುತ್ತದೋ ನೋಡಿ. ಮುಖ ಮೇಲಕ್ಕೆ ಮಾಡಿ ಒಮ್ಮೆ, ಕೆಳಕ್ಕೆ ಮಾಡಿ ಒಮ್ಮೆ. ಓಡುವಾಗ ಈ ಬ್ರೇಕನ್ನು ಎಳೆಯಬಾರದು, ಶಾಫ್ಟು, ಜಾಯಿಂಟ್ ಕ್ರಾಸು, ಕ್ರೌನ್ ಅಷ್ಟಕ್ಕೂ ಏಟು. ಈ ಥರದ ಬ್ರೇಕಿರುವ ಜೀಪಿನ ಹಿಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಿದ ಕ್ಷಣ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದಂತೆ: ಡಿಫರೆನ್ಷಿಯಲ್ ಒಳಗೆ ಎತ್ತಿದ ಚಕ್ರ ಹಿಂದಕ್ಕೆ ತಿರುಗಿ, ನೆಲದ ಮೇಲಿನ ಚಕ್ರ ಉರುಳಬಲ್ಲದು. ಕಲ್ಲು ಕೊಡದೆ ಎತ್ತಲೇಬೇಡಿ.

ಕಾಲಿನ ಬ್ರೇಕಿಗೆ ಬರೋಣ. ನಾಲ್ಕೂ ಡ್ರಮ್ಮು ಬಿಚ್ಚಿ. ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಸ್ಕ್ರೂಡ್ರೈವರಿನಿಂದ ಸ್ವಲ್ಪ ಎತ್ತಿದರೆ ಒಳಗೆ ಒದ್ದೆಯಿದೆಯೋ ಇಲ್ಲವೋ ಗೊತ್ತಾಗುತ್ತದೆ. ಹೊರಗೆ ಹನಿಯದಿದ್ದರೂ ಒಳಗೆ ಒದ್ದೆಯಿದ್ದರೆ ಅದು ಮುಗಿದ ಸಿಲಿಂಡರ್. ಬದಲಿಸುವಾಗ ಎಡ ಬಲ ಎರಡೂ ಬದಲಿಸಿ, ಒಂದನ್ನೇ ಬದಲಿಸಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ರಿವಿಟ್ ಹೊಡೆದ ಲೈನರಿನಲ್ಲಿ ರಿವಿಟ್ ತಲೆ ಮೇಲ್ಮೈಗಿಂತ ಕನಿಷ್ಠ 0.8 ಮಿ.ಮೀ. ಒಳಗಿರಲಿ. ಫ್ಲೆಕ್ಸಿಬಲ್ ಹೋಸ್ ಮೂರಿವೆ, ಮುಂದೆ ಎರಡು, ಹಿಂದೆ ಒಂದು. ಮಡಚಿ ನೋಡಿದಾಗ ಬಿರುಕು ಕಂಡರೆ ಬದಲಿಸಬೇಕೆಂದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಒಳಗಿನ ಊತ: ಹೊರಗೆ ಚೆನ್ನಾಗಿ ಕಂಡರೂ ಒಳಗೋಡೆ ಉಬ್ಬಿ ದಾರಿ ಕಿರಿದಾಗಿರುತ್ತದೆ. ಪೆಡಲ್ ತುಳಿದ ಒತ್ತಡಕ್ಕೆ ಆಯಿಲ್ ಚಕ್ರಕ್ಕೆ ಹೋಗುತ್ತದೆ, ಕಾಲು ತೆಗೆದರೆ ವಾಪಸ್ ಬರುವುದಿಲ್ಲ. ಆ ಚಕ್ರ ಹಿಡಿದುಕೊಂಡು ಡ್ರಮ್ಮು ಕಾಯುತ್ತದೆ. ಹತ್ತು ವರ್ಷ ದಾಟಿದ ಹೋಸನ್ನು ಪ್ರಶ್ನೆ ಕೇಳದೆ ತೆಗೆದುಬಿಡಿ. ಹಳೇ ಸಿಜೆಗಳಲ್ಲಿ ಬ್ರೇಕಿಗೆ ಒಂದೇ ಸರ್ಕ್ಯೂಟ್. ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋದಂತೆ.

ಈ ಗಾಡಿಗಳಲ್ಲಿ ಮಾಸ್ಟರ್ ಸಿಲಿಂಡರ್ ಇರುವುದು ಚಾಲಕನ ಕಾಲಡಿಯ ತಗಡಿನ ಕೆಳಗೆ. ಮುಚ್ಚಳ ತೆಗೆಯುವ ಮುಂಚೆ ಸುತ್ತಲಿನ ಕೆಂಪುಮಣ್ಣನ್ನು ಬ್ರಷ್ಷಿನಿಂದ ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿ. ಒಂದು ಚಿಟಿಕೆ ಮಣ್ಣು ಒಳಗೆ ಬಿದ್ದರೂ ಒಳಗಿನ ರಬ್ಬರ್ ಕಪ್ ಸಿಲಿಂಡರಿನ ಗೋಡೆಯನ್ನು ಉಜ್ಜಿ ಗೀರು ಹಾಕುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುವ ವಸ್ತು. ಡಾಟ್ 3 ಹೊಸದಾಗಿದ್ದಾಗ 205 ಡಿಗ್ರಿಗೆ ಕುದಿಯುವುದು, ತೇವ ಸೇರಿದ ಮೇಲೆ 140ಕ್ಕೇ ಕುದಿಯಬಹುದು. ನಂದಿ ಬೆಟ್ಟದಂಥ ಇಳಿಜಾರಿನಲ್ಲಿ ಪೆಡಲ್ ಸ್ಪಂಜಾಗುವುದಕ್ಕೆ ಇದೂ ಒಂದು ಕಾರಣ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಸೀಲು ಒಡೆಯದ ಅರ್ಧ ಲೀಟರಿನ ಎರಡು ಡಬ್ಬಿ ತಂದಿಟ್ಟುಕೊಂಡರೆ ಅರ್ಧದಲ್ಲಿ ಮುಗಿಯುವ ಭಯವಿಲ್ಲ. ಏರ್ ತೆಗೆಯುವುದು ದೂರದ ಚಕ್ರದಿಂದ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಪೆಡಲ್ ಮೇಲ್ಗಡೆ ಸುಮಾರು 12 ಮಿ.ಮೀ. ಖಾಲಿ ಚಲನೆ ಇರಲೇಬೇಕು. ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ವಾಪಸಾತಿ ತೂತು ಮುಚ್ಚಿಕೊಂಡು ನಾಲ್ಕೂ ಚಕ್ರ ನಿಧಾನಕ್ಕೆ ಹಿಡಿಯುತ್ತವೆ.

ಸ್ಟೇರಿಂಗ್ ವಿಷಯದಲ್ಲಿ ಕಾನೂನು ಉದಾರಿ. ಕೇಂದ್ರ ಮೋಟಾರು ವಾಹನ ನಿಯಮ 98ರ ಪ್ರಕಾರ ಸ್ಟೇರಿಂಗ್ ಚಕ್ರದ ಆಟ 30 ಡಿಗ್ರಿ ಮೀರಬಾರದು. 40 ಸೆಂ.ಮೀ. ವ್ಯಾಸದ ಚಕ್ರದ ಅಂಚಿನಲ್ಲಿ ಅದು ಹತ್ತು ಸೆಂ.ಮೀ. ಚಿಲ್ಲರೆ. ಅಷ್ಟು ಆಟವಿರುವ ಜೀಪನ್ನು ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಓಡಿಸುವುದು ಹುಡುಗಾಟವಲ್ಲ; ಅದರ ಅರ್ಧಕ್ಕಿಂತ ಕಡಿಮೆ ಇರಲಿ. ಅದೇ ನಿಯಮದಲ್ಲಿ ಇನ್ನೆರಡು ಮಾತಿವೆ, ಗ್ಯಾರೇಜಿನಲ್ಲಿ ಅವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ: ಬಾಲ್ ಜಾಯಿಂಟುಗಳಿಗೆಲ್ಲ ರಬ್ಬರ್ ಟೋಪಿ ಇರಬೇಕು, ಬೋಲ್ಟು ಪಿನ್ನುಗಳು ಬಿಚ್ಚಿಹೋಗದಂತೆ ಲಾಕ್ ಆಗಿರಬೇಕು. ಅಂದರೆ ಟೈ ರಾಡ್ ಎಂಡಿನ ನಟ್ಟಿಗೆ ಸ್ಪ್ಲಿಟ್ ಪಿನ್ ಬೇಕು, ಸುತ್ತಿದ ತಂತಿ ನಡೆಯುವುದಿಲ್ಲ. ಹರಿದ ರಬ್ಬರಿನೊಳಗೆ ನಮ್ಮ ಧೂಳು ಹೊಕ್ಕು ಗ್ರೀಸಿನ ಜೊತೆ ಸೇರಿದರೆ ಉಪ್ಪುಕಾಗದದ ಕೆಲಸವನ್ನೇ ಮಾಡುತ್ತದೆ.

ಆಟ ಎಲ್ಲಿದೆ ಎಂದು ಹುಡುಕಲು ಇಬ್ಬರು ಬೇಕು. ಗಾಡಿ ನೆಲದ ಮೇಲೇ ಇರಲಿ. ಒಬ್ಬರು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಸಣ್ಣದಾಗಿ ಅಲ್ಲಾಡಿಸುತ್ತಿರಲಿ, ಇನ್ನೊಬ್ಬರು ಅಡಿಗೆ ತೂರಿ ಒಂದೊಂದು ಜಾಯಿಂಟಿನ ಮೇಲೂ ಬೆರಳಿಟ್ಟು ಬರಲಿ. ಕಣ್ಣಿಗೆ ಕಾಣದ ಟಕ್ ಬೆರಳಿಗೆ ಸಿಗುತ್ತದೆ. ಸ್ಟೇರಿಂಗ್ ಬಾಕ್ಸ್, ಡ್ರ್ಯಾಗ್ ಲಿಂಕಿನ ಎರಡು ತುದಿ, ಸಿಜೆ-3ಬಿ ಆದರೆ ಚಾಸಿಯ ಮುಂದಿನ ಅಡ್ಡಪಟ್ಟಿಯ ಮೇಲಿನ ಬೆಲ್ ಕ್ರ್ಯಾಂಕ್, ಆಮೇಲೆ ಟೈ ರಾಡ್‌ಗಳು. ಎಲ್ಲರೂ ಮೊದಲು ಸ್ಟೇರಿಂಗ್ ಬಾಕ್ಸಿನ ಸ್ಕ್ರೂ ಬಿಗಿ ಮಾಡಲು ಹೋಗುತ್ತಾರೆ. ಅಲ್ಲಿ ತಪ್ಪಿಲ್ಲದೆ ಬಿಗಿ ಮಾಡಿದರೆ ತಿರುವಿನಲ್ಲಿ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಬೆಲ್ ಕ್ರ್ಯಾಂಕಿನ ಪಿನ್ನು, ಬೇರಿಂಗು ಸವೆದಿರುವುದೇ ಹೆಚ್ಚು.

ಆಮೇಲೆ ಮುಂದಿನ ಚಕ್ರ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿ. ಆಟ ಸಿಕ್ಕರೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲುಗಿಸಿ. ಬ್ರೇಕ್ ತುಳಿದಾಗ ಆಟ ಮಾಯವಾದರೆ ಅದು ವೀಲ್ ಬೇರಿಂಗ್. ಹಾಗೇ ಉಳಿದರೆ ನಕಲ್ಲು ತಿರುಗುವ ಕಿಂಗ್ ಪಿನ್. ಬೇರಿಂಗಿನ ಮದ್ದು ಸುಲಭ: ಚಕ್ರ ತಿರುಗಿಸುತ್ತಲೇ ಒಳಗಿನ ನಟ್ಟನ್ನು ಚಕ್ರ ಬಿಗಿಯಾಗುವವರೆಗೆ ತಿರುಗಿಸಿ, ಸುತ್ತಿನ ಆರನೇ ಒಂದು ಭಾಗ ಹಿಂದಕ್ಕೆ ಬಿಟ್ಟು, ಲಾಕ್ ವಾಷರ್ ಮಡಚಿ ಹೊರ ನಟ್ಟು ಹಾಕಿ. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ನಟ್ಟು ತಿರುಗಿಸುವವರಿಗೆ ಗಾಡಿ ಕೊಡಬೇಡಿ, ಅದಕ್ಕೆಂದೇ ಬಾಕ್ಸ್ ಸ್ಪ್ಯಾನರ್ ಸಿಗುತ್ತದೆ. ಕಿಂಗ್ ಪಿನ್ನಿನ ಬೇರಿಂಗ್ ಚೆನ್ನಾಗಿದ್ದು ಸಡಿಲವಷ್ಟೇ ಆಗಿದ್ದರೆ ಮೇಲೆ ಕೆಳಗೆ ಸಮನಾಗಿ ತೆಳು ಶಿಮ್ ತೆಗೆದು ಬಿಗಿ ತರಬಹುದು. ಒಂದೇ ಕಡೆ ತೆಗೆದರೆ ನಕಲ್ಲು ಮಧ್ಯದಿಂದ ಸರಿದು ಅದರ ಸೀಲು ಒಂದು ಕಡೆ ಬಾಯಿ ಬಿಡುತ್ತದೆ. 50–60ರ ವೇಗದಲ್ಲಿ ಒಂದು ಗುಂಡಿ ಹಾರಿದೊಡನೆ ಮುಂದಿನ ಚಕ್ರಗಳು ತಲೆ ಕೊಡವಲು ಶುರುಮಾಡುತ್ತವಲ್ಲ, ಅದರ ಮೂಲ ಹೆಚ್ಚಾಗಿ ಇಲ್ಲೇ. ಸ್ಟೇರಿಂಗ್ ಡ್ಯಾಂಪರ್ ಹಾಕಿಸಿದರೆ ನಡುಕ ಅಡಗುತ್ತದೆ, ಸವೆತ ಮುಂದುವರಿಯುತ್ತದೆ. ಎಲ್ಲ ಮುಗಿದ ಮೇಲೆ ಟೋ-ಇನ್ (ಮುಂದಿನ ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವಷ್ಟು) 1ರಿಂದ 2 ಮಿ.ಮೀ. ಇಟ್ಟರೆ ಸಾಕು.

ಪಟ್ಟಾಗಳಿಗೆ (ಲೀಫ್ ಸ್ಪ್ರಿಂಗ್) ಹೆಚ್ಚು ಹೊತ್ತು ಬೇಡ. ಒಡೆದ ಪ್ಲೇಟು, ಸಡಿಲ ಯು-ಬೋಲ್ಟು, ಸವೆದ ಶಾಕಲ್ ಬುಷ್, ಮುರಿದ ಸೆಂಟರ್ ಬೋಲ್ಟ್ ನೋಡಿ. ಸೆಂಟರ್ ಬೋಲ್ಟ್ ಮುರಿದರೆ ಆಕ್ಸಲ್ ಒಂದು ಬದಿ ಹಿಂದಕ್ಕೆ ಸರಿದು ಗಾಡಿ ಓರೆಯಾಗಿ ಓಡುತ್ತದೆ. ಟೈರಿನ ಪಟ್ಟೆಯ ಆಳ ಕನಿಷ್ಠ 1.6 ಮಿ.ಮೀ. ಇರಬೇಕು. ಮೂಲ ಅಳತೆ 6.00-16 ಇದ್ದಲ್ಲಿ ಬಾಡಿಯಿಂದ ಹೊರಗೆ ಚಾಚುವ ಅಗಲದ ಮಡ್ ಟೈರು ಹಾಕಿಕೊಂಡು ಹೋಗಿ ವಾದ ಮಾಡುವುದು ಸಮಯ ಹಾಳು.

ಹೊಗೆ ಪರೀಕ್ಷೆಗೆ ಅಂಕಿ ಸ್ಪಷ್ಟವಾಗಿವೆ. ಬಿಎಸ್ (ಭಾರತ್ ಸ್ಟೇಜ್) 4ಕ್ಕೂ ಹಿಂದಿನ ಡೀಸೆಲ್ ಗಾಡಿಗೆ ಹೊಗೆಯ ಸಾಂದ್ರತೆ ಮೀಟರಿಗೆ 2.45 ಮೀರಬಾರದು, ಹಳೇ ಅಳತೆಯಲ್ಲಿ 65 ಹಾರ್ಟ್‌ರಿಡ್ಜ್. ಭಾರತ್ ಸ್ಟೇಜ್ ಬರುವ ಮೊದಲಿನ ನಾಲ್ಕು ಚಕ್ರದ ಪೆಟ್ರೋಲ್ ಗಾಡಿಗೆ ಕಾರ್ಬನ್ ಮಾನಾಕ್ಸೈಡ್ 3 ಶೇಕಡಾ, ಹೈಡ್ರೋಕಾರ್ಬನ್ 1500 ಪಿಪಿಎಂ. ಚೆನ್ನಾಗಿರುವ ಎಂಜಿನ್ನಿಗೆ ಇದು ಕಷ್ಟವಲ್ಲ. ಡೀಸೆಲ್ ಜೀಪು ಕಪ್ಪು ಹೊಗೆ ಉಗುಳಿದರೆ ಎಲ್ಲರೂ ಪಂಪು ಬಿಚ್ಚಿಸುತ್ತಾರೆ. ಮೊದಲು ಏರ್ ಕ್ಲೀನರ್ ಬಿಚ್ಚಿ. ಆಯಿಲ್ ಬಾತ್ ಥರದ್ದಾದರೆ ತಳದಲ್ಲಿ ಒಂದು ಸೆಂ.ಮೀ. ಕೆಸರು ಕೂತಿರುತ್ತದೆ. ಬಟ್ಟಲು, ಜಾಲರಿ ಎರಡನ್ನೂ ಡೀಸೆಲ್‌ನಲ್ಲಿ ತೊಳೆದು ಒಣಗಿಸಿ ಗುರುತಿನವರೆಗೆ ಹೊಸ ಎಂಜಿನ್ ಆಯಿಲ್ ಹಾಕಿ, ಗುರುತು ಮೀರಿದರೆ ಎಂಜಿನ್ ಆ ಎಣ್ಣೆಯನ್ನೇ ಎಳೆದು ನೀಲಿ ಹೊಗೆ ಬಿಡುತ್ತದೆ. ಆಮೇಲೂ ಕಪ್ಪಿದ್ದರೆ ನಾಜಲ್ ಪರೀಕ್ಷೆ, ಟ್ಯಾಪೆಟ್. ಪಂಪಿನ ಸೀಲು ಮಾಡಿದ ಸ್ಕ್ರೂಗೆ ಕೈ ಹಾಕುವುದು ಕೊನೆಗೆ, ಅದೂ ಪಂಪ್-ನಾಜಲ್ ಅಂಗಡಿಯಲ್ಲಿ, ಬೆಂಚಿನ ಮೇಲೆ. ತಣ್ಣನೆಯ ಎಂಜಿನ್ನಿನಲ್ಲಿ ಪರೀಕ್ಷೆ ಕೊಡಬೇಡಿ. ಎಂಟು ಹತ್ತು ಕಿಲೋಮೀಟರ್ ಓಡಿಸಿಕೊಂಡು ಹೋದ ಗಾಡಿಯ ಅಂಕಿಯೇ ಬೇರೆ.

ಹರಿಕೇನ್ ಪೆಟ್ರೋಲ್ ಎಂಜಿನ್ ಉಳಿಸಿಕೊಂಡವರು ಪಾಯಿಂಟಿನ ಗ್ಯಾಪ್ 0.5 ಮಿ.ಮೀ., ಪ್ಲಗ್ಗಿನದು 0.75 ಮಿ.ಮೀ. ಆಸುಪಾಸು ಇಟ್ಟು ಆಮೇಲೆ ಕಾರ್ಬುರೇಟರ್ ಮಿಕ್ಸ್ಚರ್ ಮುಟ್ಟಲಿ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್. ಹಳೇ ರಬ್ಬರ್ ಪೈಪು, ಫ್ಯೂಯಲ್ ಪಂಪಿನ ಡಯಾಫ್ರಂ, ಕಾರ್ಕ್ ಗ್ಯಾಸ್ಕೆಟ್ ಇದಕ್ಕೆಂದು ಮಾಡಿದ್ದಲ್ಲ, ಮೆತ್ತಗಾಗುತ್ತವೆ, ಬಿರಿಯುತ್ತವೆ. ಟ್ಯಾಂಕಿನ ತಳದ ವರ್ಷಾನುಗಟ್ಟಲೆಯ ಕಸವೂ ಸಡಿಲಗೊಂಡು ಫಿಲ್ಟರಿಗೆ ಬರುತ್ತದೆ. ಪೆಟ್ರೋಲ್ ವಾಸನೆ ಬರುವ ಗಾಡಿಯನ್ನು ತಪಾಸಣೆಗೆ ಮಾತ್ರವಲ್ಲ, ಎಲ್ಲಿಗೂ ಒಯ್ಯಬೇಡಿ.

ರೇಡಿಯೇಟರಿಗೆ ನಮ್ಮ ಬೋರ್‌ವೆಲ್ ನೀರು ಹಾಕಬೇಡಿ. ಪಾತ್ರೆಗೆ ಬಿಳಿ ಪೊರೆ ಕಟ್ಟಿಸುವ ಈ ಗಡಸು ನೀರು ಸಣ್ಣ ಟ್ಯೂಬುಗಳಲ್ಲೂ ಅದನ್ನೇ ಮಾಡುತ್ತದೆ. ಡಿಸ್ಟಿಲ್ಡ್ ನೀರು, ಕೂಲೆಂಟ್ ಸಮಪಾಲು. ಹೆದ್ದಾರಿಯಲ್ಲಿ ಸುಮ್ಮನಿದ್ದ ಗಾಡಿ ಆರ್‌ಟಿಒ ಸಾಲಿನಲ್ಲಿ ಎಂಜಿನ್ ಆನ್ ಮಾಡಿಕೊಂಡು ನಿಂತಾಗ ಕುದಿಯುವುದಕ್ಕೆ ಈ ಪೊರೆಯೂ ಒಂದು ಕಾರಣ.

ಲೈಟುಗಳಲ್ಲಿ ಒಂದು ವಿಚಿತ್ರ ಇದೆ: ಹೊಸದಾಗಿ ಪೇಂಟ್ ಮಾಡಿಸಿದ ಜೀಪಿನಲ್ಲೇ ಲೈಟು ಕೆಟ್ಟಿರುತ್ತದೆ. ಟೇಲ್ ಲ್ಯಾಂಪು, ಇಂಡಿಕೇಟರುಗಳಿಗೆ ಅರ್ತ್ ಸಿಗುವುದು ಬಾಡಿಯ ತಗಡಿನಿಂದ. ಪೇಂಟರ್ ಎಲ್ಲ ಬಿಚ್ಚಿ, ದಪ್ಪ ಪ್ರೈಮರ್ ಬಣ್ಣ ಹೊಡೆದು ಮತ್ತೆ ಕೂರಿಸಿದಾಗ ತಗಡಿನ ಸಂಪರ್ಕವೇ ತಪ್ಪುತ್ತದೆ. ಬ್ರೇಕ್ ತುಳಿದರೆ ಇಂಡಿಕೇಟರ್ ಮಿಣುಕುವುದು, ಪಾರ್ಕಿಂಗ್ ಹಾಕಿದರೆ ಮಂಕಾಗಿ ಉರಿಯುವುದು ಇದರ ಲಕ್ಷಣ. ಬ್ಯಾಟರಿಯ ನೆಗೆಟಿವ್‌ನಿಂದ ಒಂದು ವೈರು ಎಳೆದು ಲ್ಯಾಂಪಿನ ಬಾಡಿಗೆ ಮುಟ್ಟಿಸಿ. ಬೆಳಕು ಜಿಗಿದರೆ ತಪ್ಪು ಅರ್ತ್‌ನದು. ಬೋಲ್ಟು ಕೂರುವ ಜಾಗದಲ್ಲಿ ಮಾತ್ರ ಪೇಂಟ್ ಕೆರೆದು ಸ್ಟಾರ್ ವಾಷರ್ ಹಾಕಿ. ನೆಲದ ಮೇಲಿನ ಡಿಮ್-ಡಿಪ್ ಕಾಲುಸ್ವಿಚ್ಚು ಕೆಸರು ಕುಡಿದು ಕೆಲಸ ಬಿಟ್ಟಿರುತ್ತದೆ, ಅದನ್ನು ರಿಪೇರಿ ಮಾಡುವುದಕ್ಕಿಂತ ಹೊಸದು ಹಾಕುವುದು ಸಲೀಸು. ಬ್ರೇಕ್ ಲೈಟಿನ ಸ್ವಿಚ್ಚು ಮಾಸ್ಟರ್ ಸಿಲಿಂಡರಿನ ಒತ್ತಡದಲ್ಲಿ ಕೆಲಸ ಮಾಡುವಂಥದ್ದು. ಬಲವಾಗಿ ತುಳಿದರೆ ಮಾತ್ರ ಲೈಟು ಹತ್ತಿದರೆ ಸ್ವಿಚ್ಚು ಸೋತಿದೆ. ಹೆಡ್‌ಲೈಟಿಗೆ 60/55 ವ್ಯಾಟಿನ ಎಚ್4 ಸಾಕು. ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ, ಡಿಪ್ ಬೆಳಕಿನ ಮೇಲಂಚು ಲ್ಯಾಂಪಿನ ಮಧ್ಯಕ್ಕಿಂತ 10 ಸೆಂ.ಮೀ. ಕೆಳಗೆ ಬೀಳುವಂತೆ ತಿರುಪು ತಿರುಗಿಸಿ. ಎಲ್‌ಇಡಿ ಬಾರು, ಹಲವು ಸ್ವರದ ಹಾರ್ನು ಇದ್ದರೆ ಮನೆಯಲ್ಲೇ ಬಿಚ್ಚಿಡಿ.

ಇಷ್ಟಾದ ಮೇಲೆ ತೊಳೆಸಿ, ಬೇಕಿದ್ದರೆ ಬಣ್ಣ ಹೊಡೆಸಿ. ಬಣ್ಣದಲ್ಲೂ ಒಂದು ಕಾನೂನಿದೆ. ಜೀಪೆಂದರೆ ಮಿಲಿಟರಿ ಹಸಿರು ಎನ್ನುವ ಮೋಹ ಬಹಳ ಜನಕ್ಕೆ. ಆದರೆ ನಿಯಮ 121ರಂತೆ ರಕ್ಷಣಾ ಇಲಾಖೆಯ ವಾಹನ ಬಿಟ್ಟು ಬೇರಾವುದಕ್ಕೂ ಆಲಿವ್ ಗ್ರೀನ್ ಹೊಡೆಯುವಂತಿಲ್ಲ. ಆರ್‌ಸಿಯಲ್ಲಿ ಬರೆದ ಬಣ್ಣವೇ ಗಾಡಿಗಿರಲಿ.

ಆರ್‌ಸಿಯಲ್ಲಿರುವ ಜೀಪು, ಎದುರಿಗಿರುವ ಜೀಪು ಎರಡೂ ಒಂದೇ ಎಂದು ತೋರಿಸುವುದು ಹಳೇ ಗಾಡಿಗಳ ದೊಡ್ಡ ತಲೆನೋವು. ಚಾಸಿ ನಂಬರಿನ ಮೇಲೆ ತುಕ್ಕು, ಹತ್ತು ಪದರದ ಪೇಂಟು ಕೂತಿರುತ್ತದೆ. ಗ್ರೈಂಡರ್ ಮುಟ್ಟಿಸಲೇಬೇಡಿ, ಅಂಕಿ ಸವೆದರೆ ನಂಬರ್ ತಿದ್ದಿದ್ದಾರೆಂಬ ಅನುಮಾನಕ್ಕೆ ಉತ್ತರ ಕೊಡುವವರು ಯಾರು? ಪೇಂಟ್ ರಿಮೂವರ್ ಹಚ್ಚಿ ಬಿಟ್ಟು, ಹಿತ್ತಾಳೆ ಬ್ರಷ್ಷಿನಲ್ಲಿ ಉಜ್ಜಿ, ತೆಳು ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆದು ಎಲ್ಲ ಅಂಕಿ ಮೂಡಿತೋ ನೋಡಿ. ಆಮೇಲೆ ಅಲ್ಲಿಗೆ ಗ್ರೀಸ್ ಸವರಿ. ಎಂಜಿನ್ ನಂಬರಿಗೂ ಹಾಗೇ. ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದ ಗಾಡಿಗಳು ನಮ್ಮ ಜಿಲ್ಲೆಗಳಲ್ಲಿ ಬೇಕಾದಷ್ಟಿವೆ. ಆ ಬದಲಾವಣೆ ಆರ್‌ಸಿಗೆ ಏರಿದ್ದರೆ ಸರಿ, ಏರದಿದ್ದರೆ ಎಫ್‌ಸಿ ದಿನ ಅದು ಬಗೆಹರಿಯುವ ಮಾತಲ್ಲ. ಮೋಟಾರು ವಾಹನ ಕಾಯ್ದೆಯ ಕಲಂ 52ರಂತೆ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ ಮೇಲಂತೂ ಬಿಗಿ ಜಾಸ್ತಿ. ಮುಂದಿನ ಭಾರಿ ಬುಲ್ ಬಾರಿಗೂ ಅದೇ ಕಲಂ 52 ಅಡ್ಡ ಬರುತ್ತದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ, ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಆದರೆ ಅದು ಪ್ರದರ್ಶನ, ರ‍್ಯಾಲಿಗೆ, ದಿನಬಳಕೆಗಲ್ಲ. ತೋಟಕ್ಕೆ ಗೊಬ್ಬರ ಹೊರುವ ಜೀಪಿಗೆ ಆ ದಾರಿ ಹಿಡಿಯಬೇಡಿ.

ಕಾಗದಗಳಲ್ಲಿ ಆರ್‌ಸಿ, ಚಾಲ್ತಿ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಟ್ಯಾಕ್ಸ್ ವಿವರ, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು. ಬಾಕಿ ಚಲನ್ ಇದ್ದರೆ ಮೊದಲೇ ಕಟ್ಟಿ. ಹಳದಿ ಬೋರ್ಡಿನವರಿಗೆ ಪರ್ಮಿಟ್, ರಿಫ್ಲೆಕ್ಟರ್ ಟೇಪು, ಬೆಂಕಿ ಆರಿಸುವ ಸಿಲಿಂಡರ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಪ್ರಯಾಣಿಕರ ಗಾಡಿಯಾದರೆ ತುರ್ತು ಗುಂಡಿಯಿರುವ ಟ್ರ್ಯಾಕಿಂಗ್ ಸಾಧನ ಇವೂ ಸೇರುತ್ತವೆ. ಬಿಡಿಭಾಗಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸುವುದಾದರೆ ಹಳೇ ಸೀಲನ್ನೇ ಮಾದರಿಗೆ ಕಳಿಸಿ. ‘ಜೀಪಿನ ಸೀಲು’ ಅಂದರೆ ಅಂಗಡಿಯವರು ಕೊಡುವುದು ಅವರ ಕೈಗೆ ಸಿಕ್ಕ ಜೀಪಿನದು. ಒಟ್ಟು ಕೆಲಸಕ್ಕೆ ಒಂದು ತಿಂಗಳ ಮುಂಚೆ ಕೈ ಹಾಕಿ, ಕೊನೆಯ ಹತ್ತು ದಿನ ಬರೀ ಓಡಿಸಿ. ಹೊಸ ಸೀಲು, ಹೊಸ ಲೈನರ್ ಕೂರಲು ಅಷ್ಟು ಓಟ ಬೇಕು. ಆ ಹತ್ತು ದಿನದ ಮಧ್ಯೆ ಒಮ್ಮೆ ಬ್ರೇಕ್ ಮತ್ತೆ ಅಡ್ಜಸ್ಟ್ ಮಾಡಿ.

ತಪಾಸಣೆಯ ದಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಎರಡು ಬಲ್ಬು, ಫ್ಯೂಸು, ಒಂದಷ್ಟು ಸ್ಪ್ಲಿಟ್ ಪಿನ್ ಇರಲಿ. ಬ್ರೇಕನ್ನು ರೋಲರ್ ಯಂತ್ರದ ಮೇಲೆ ಅಳೆಯುವ ಕೇಂದ್ರವಾದರೆ ಗಾಡಿ ಹತ್ತಿಸುವ ಮೊದಲೇ ಎರಡು ಮಾತು ಅಲ್ಲಿನವರಿಗೆ ಹೇಳಿ. ಮುಂದಿನ ಆಕ್ಸಲ್‌ನ ಲಿವರ್ ಬಿಟ್ಟಿರಬೇಕು, ಫೋರ್ ವೀಲ್‌ನಲ್ಲಿದ್ದರೆ ರೋಲರ್ ತಿರುಗಿಸುವ ಚಕ್ರ ನೆಲದ ಮೇಲಿನ ಚಕ್ರಗಳನ್ನೂ ಎಳೆದು ಗಾಡಿ ರೋಲರಿನಿಂದ ಆಚೆ ಹಾರುತ್ತದೆ. ಹ್ಯಾಂಡ್‌ಬ್ರೇಕ್ ಶಾಫ್ಟಿನ ಮೇಲಿದೆ, ಆದ್ದರಿಂದ ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗುತ್ತಿರುವಾಗ ನಿಧಾನವಾಗಿ ಎಳೆಯಬೇಕು. ಒಂದೊಂದೇ ಚಕ್ರ ತಿರುಗಿಸಿ ನೋಡಿದರೆ ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ಅಂಕಿ ಬರುವುದಿಲ್ಲ. ಫೇಲ್ ಮಾಡಿದರೆ ಯಾವ ಅಂಶಕ್ಕೆ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಗ್ಯಾರೇಜಿನವರ ಕೈಗೆ ಆ ಚೀಟಿ ಕೊಟ್ಟರೆ ಅದಷ್ಟೇ ಕೆಲಸ ಆಗುತ್ತದೆ, ಬಿಲ್ಲೂ ಅಷ್ಟಕ್ಕೇ ನಿಲ್ಲುತ್ತದೆ.